ಭಾವನ ತಗಡಿನ ಶೆಡ್ಡು

ಹೋದ ತಿಂಗಳು ಮಡಕಶಿರಾದ ನಮ್ಮ ಮನೆಗೆ ಹೊಲಿಗೆ ಮಿಷಿನ್ ರಿಪೇರಿಗೆಂದು ಒಬ್ಬರು ಬಂದಿದ್ದರು. ಕಾಲು ಗಂಟೆಯಲ್ಲಿ ಹೊಸ ಬಾಬಿನ್ ಕೇಸು ಹಾಕಿ, ಚೀಲ ಹೆಗಲಿಗೇರಿಸಿ ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹಳೇದೆಲ್ಲಿ?"

"ಯಾವ ಹಳೇದಮ್ಮ?"

"ಬಿಚ್ಚಿದ್ರಲ್ಲ, ಕೆಟ್ಟೋಗಿದ್ದು. ಅದನ್ನ ಇಲ್ಲಿ ಕೊಟ್ಟು ಹೋಗಿ."

ಅವರು ನನ್ನನ್ನೊಮ್ಮೆ, ನಮ್ಮ ಮನೆಯನ್ನೊಮ್ಮೆ ನೋಡಿದರು. ಜೇಬಿನಿಂದ ಆ ಹಳೇ ಕೇಸನ್ನು ತೆಗೆದು ನನ್ನ ಕೈಗಿಟ್ಟು, ಇನ್ನೇನು ಕೇಳುತ್ತಾಳೋ ಎಂಬ ಹಾಗೆ ಬೇಗಬೇಗ ಚಪ್ಪಲಿ ಮೆಟ್ಟಿಕೊಂಡರು. ಒಳಗಿನಿಂದ ನಮ್ಮ ಯಜಮಾನರು, "ಭಾವ ಇವಳ ಮೈಮೇಲೆ ಬಂದ್ರು ಕಣಪ್ಪ" ಎಂದು ನಕ್ಕರು.

ರಾಯದುರ್ಗದ ಭಾವ ತೀರಿಹೋಗಿ ಎಂಟು ತಿಂಗಳಾಯಿತು. ಸುದ್ದಿ ಬಂದಾಗ ನಾನು ಶಾಲೆಯ ವರಾಂಡದಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ಆದರೆ ಅವರ ಬಗ್ಗೆ ಬರೆಯೋಣವೆಂದು ಕೂತರೆ ಮೊದಲು ನಗುವೇ ಬರುತ್ತದೆ. ಅದಕ್ಕೆ ಅವರೇ ಕಾರಣ, ನನ್ನನ್ನು ಬೈದು ಪ್ರಯೋಜನವಿಲ್ಲ.

ಆಂಧ್ರದ ಆ ರಾಯದುರ್ಗದಲ್ಲಿ ನಾನು ಹನ್ನೊಂದು ವರ್ಷ ಕನ್ನಡ ಪಾಠ ಮಾಡಿದೆ. ನಮ್ಮದು ಮಡಕಶಿರಾ ಪಕ್ಕದ ರೊಳ್ಳದ ಕಡೆಯ ಊರು. ವರ್ಗವಾಗಿ ಹೋದ ಮೊದಲ ದಿನ ಸಾಮಾನು ಇಳಿಸುತ್ತಿದ್ದಾಗಲೇ ಎದುರು ಮನೆಯಾಕೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟರು. ಅವರನ್ನು ಅಕ್ಕ ಎಂದೆ. ಅಕ್ಕ ಎಂದ ಮೇಲೆ ಅವರ ಯಜಮಾನರು ಭಾವ ಆಗಲೇಬೇಕು, ಭಾವ ಎಂದ ಮೇಲೆ ಕಾಲೆಳೆಯುವ ಹಕ್ಕೂ ಬರುತ್ತದೆ. ಆ ಹಕ್ಕನ್ನು ನಾವಿಬ್ಬರೂ ಧಾರಾಳವಾಗಿ ಬಳಸಿಕೊಂಡೆವು. ನಾನು ಒಂದು ಮಾತು ಆಡಿ ಮುಗಿಸುವುದರೊಳಗೆ ಅವರು ಕಿವಿಗೆ ಕೈ ಹಚ್ಚಿ, "ನಿಮ್ಮ ಕಡಿ ಕನ್ನಡ ನನಗ ತಿಳಿಯಂಗಿಲ್ರಿ ಟೀಚರಮ್ಮ, ತೆಲುಗಿನಾಗ ಹೇಳ್ರಿ" ಎನ್ನುತ್ತಿದ್ದರು. ಊರಿಗೆಲ್ಲ ಕನ್ನಡ ಕಲಿಸಲು ಬಂದವಳಿಗೆ ಇದು ದಿನವೂ ಸಿಗುತ್ತಿದ್ದ ಮರ್ಯಾದೆ.

ಅವರು ಹೊಲಿಗೆ ಮಿಷಿನ್ ಮೆಕ್ಯಾನಿಕ್ಕು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಬರವಿಲ್ಲ. ಮನೆಯಲ್ಲಿ ಬ್ಲೌಸು, ಲಂಗ ಹೊಲಿಯುವ ಹೆಂಗಸರೂ ಬೀದಿಗೆ ನಾಲ್ಕು ಮಂದಿ. ಎಲ್ಲರ ಮಿಷಿನ್ನಿನ ನಾಡಿಯೂ ಭಾವನ ಕೈಯಲ್ಲಿತ್ತು. ಉದ್ದನೆಯ ಒಣಕಲು ಆಳು, ಕನ್ನಡಕಕ್ಕೆ ಕಪ್ಪು ದಾರ, ಹೆಗಲ ಮೇಲೆ ಟವೆಲು. ಆ ಟವೆಲು ನೋಡುವಂಥದ್ದು. ರಿಪೇರಿ ಮುಗಿದ ಮೇಲೆ ಹೊಲಿಗೆ ಸರಿ ಬರುತ್ತದೋ ಇಲ್ಲವೋ ನೋಡಲು ಅವರು ಬೇರೆಯವರ ಬಟ್ಟೆ ಮುಟ್ಟುತ್ತಿರಲಿಲ್ಲ. ತಮ್ಮ ಟವೆಲಿನ ಅಂಚನ್ನೇ ಸೂಜಿಯ ಕೆಳಗಿಟ್ಟು ಒಂದು ಗೆರೆ ಎಳೆಯುತ್ತಿದ್ದರು. ಕೆಂಪು, ಹಳದಿ, ಜೀನ್ಸಿನ ಕಂದು ದಾರ, ಮದುವೆ ಬ್ಲೌಸಿನ ಜರಿ ಬಣ್ಣದ ದಾರ, ಎಲ್ಲ ಸೇರಿ ಟವೆಲು ದಪ್ಪಗಾಗಿ, ಒಗೆದರೆ ಎರಡು ದಿನ ಒಣಗುತ್ತಿರಲಿಲ್ಲ. ಅಕ್ಕ ಅದನ್ನು ಹಿಂಡುವಾಗೆಲ್ಲ ಅವರ ವೃತ್ತಿಗೆ ಶಾಪ ಹಾಕುತ್ತಿದ್ದರು.

ಮಿಷಿನ್ ಮುಂದೆ ಕೂತ ಕೂಡಲೇ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಎಣ್ಣಿ ಯಾವಾಗ ಹಾಕಿದ್ರಿ?" ಎಲ್ಲರೂ "ಹೋದ ವಾರ" ಎನ್ನುತ್ತಿದ್ದರು. ನಾನೂ ಹಾಗೇ ಎಂದೆ. ಭಾವ ಮಿಷಿನ್ನಿನ ಹೊಟ್ಟೆಯಿಂದ ಒಂದು ಹಿಡಿ ಒಣ ಧೂಳು ತೆಗೆದು ನನ್ನ ಮುಂದೆ ಗುಡ್ಡೆ ಹಾಕಿದರು. "ಮಿಷಿನ್ ಸುಳ್ಳು ಹೇಳಂಗಿಲ್ರಿ ಟೀಚರಮ್ಮ. ಹುಡುಗರಿಗೆ ಸತ್ಯ ಹೇಳ್ರಿ ಅಂತ ಪಾಠ ಮಾಡೋರೂ ಎಣ್ಣಿ ವಿಷಯದಾಗ ಸುಳ್ಳು ಹೇಳ್ತಾರ" ಎಂದರು. ಆ ಮಾತನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು ಕೂಡ.

ಅವರದೊಂದು ಕಟ್ಟುನಿಟ್ಟು ಇತ್ತು. ಬಿಚ್ಚಿ ತೆಗೆದ ಹಳೇ ಸಾಮಾನನ್ನು ಮನೆಯವರ ಅಂಗೈಗೇ ಇಟ್ಟು, ಎಲ್ಲಿ ಸವೆದಿದೆ, ಎಲ್ಲಿ ಸೀಳಿದೆ ಎಂದು ಬೆರಳಿನಿಂದ ತೋರಿಸುತ್ತಿದ್ದರು. ಆಮೇಲೇ ಮಿಷಿನ್ ತುಳಿಯಲು ಬಿಡುತ್ತಿದ್ದುದು. ಹತ್ತರಲ್ಲಿ ಎಂಟು ಮಂದಿ "ಇದ್ಯಾಕ ನಮಗ, ನೀವಾ ಒಗೀರಿ" ಎನ್ನುತ್ತಿದ್ದರು. ಭಾವ ಎಸೆಯುತ್ತಿರಲಿಲ್ಲ. ಚೀಟಿ ಬರೆದು, ದಾರದಿಂದ ಕಟ್ಟಿ, ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಡುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆಯಿತು. ಬಿಸ್ಕತ್ತಿನ ಡಬ್ಬ, ಹಾಲಿನ ಪುಡಿ ಡಬ್ಬ, ಸುಣ್ಣದ ಬಕೀಟು, ಒಂದು ತೊಟ್ಟಿಲು, ಎಲ್ಲದರ ತುಂಬ ಮುರಿದ ಶಟಲ್ಲು, ಸವೆದ ಬುಷ್ಷು, ಹರಿದ ಬೆಲ್ಟು. ಬಾಗಿಲು ಅರ್ಧ ತೆರೆದರೆ ನಿಲ್ಲುತ್ತಿತ್ತು, ಹಿಂದೆ ಪೆಡಲುಗಳ ರಾಶಿ. ಒಳಗೆ ಅಡ್ಡಡ್ಡ ಹೋಗಬೇಕು, ಅಡ್ಡಡ್ಡ ಬರಬೇಕು. ಚೀಟಿಯ ಭಾಷೆ ಕನ್ನಡ, ಅಕ್ಷರ ತೆಲುಗು. ಅವರು ಓದಿದ್ದು ತೆಲುಗು ಮಾಧ್ಯಮ.

ನಾನು ಹೋದ ಹತ್ತನೇ ವರ್ಷಕ್ಕೆ ಭಾವನ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಕೈಯೂ ಸ್ವಲ್ಪ ನಡುಗಲು ಶುರುವಾಗಿತ್ತು. ಕೆಲಸ ನಿಲ್ಲಿಸಿದರು. ಆದರೂ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದು ಒಂದು ಗಂಟೆ ಕೂತು, ಮತ್ತೆ ಬೀಗ ಹಾಕಿ ಬರುತ್ತಿದ್ದರು. ಇತ್ತ ಅಕ್ಕನ ರೊಟ್ಟಿಗೆ ಹೆಸರು ಬಂದಿತ್ತು. ಯೂನಿಟ್ಟುಗಳಲ್ಲಿ ದುಡಿಯುವ ಹೆಂಗಸರು ಮಧ್ಯಾಹ್ನಕ್ಕೆ ಅಕ್ಕನ ರೊಟ್ಟಿಯೇ ಬೇಕು ಎನ್ನುತ್ತಿದ್ದರು. ಎರಡು ಯೂನಿಟ್ಟಿನವರು ದಿನವೂ ಕಳಿಸಿ ಎಂದು ಕೇಳಿದರು. ಬೀದಿಯ ಇಬ್ಬರು ಹೆಂಗಸರು ಜೊತೆಗೆ ರೊಟ್ಟಿ ಬಡಿಯಲು ಒಪ್ಪಿದರು. ಇಲ್ಲದ್ದು ಜಾಗ ಮಾತ್ರ. ಅಕ್ಕನ ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಿತ್ತು.

ಅಕ್ಕ ಒಪ್ಪಿಕೊಂಡುಬಿಟ್ಟರು. ಒಂದು ಗುರುವಾರ ಸಂಜೆ ನಮ್ಮ ಮನೆ ಕಟ್ಟೆಯ ಮೇಲೆ ಕೂತು, ಎದುರಿಗೇ ಇದ್ದ ಭಾವನಿಗೆ ಕೇಳುವ ಹಾಗೆ ನನಗೆ ಹೇಳಿದರು. "ಸೋಮವಾರ ಮುಂಜಾನಿ ನಾ ಶೆಡ್ಡಿನಾಗ ಒಲಿ ಹಚ್ತೀನಿ. ಅಷ್ಟರಾಗ ಖಾಲಿ ಆಗ್ಬೇಕು ಅಂತ ನಿಮ್ಮ ಭಾವಗ ಹೇಳವ್ವ. ಆ ಚೀಟಿ ನನಗ ಓದಾಕ ಬರಂಗಿಲ್ಲ. ನೀನಾ ಕುಂತು ಓದಿ ಓದಿ ಒಗಸು."

ಭಾವ ಟವೆಲು ಕೊಡವಿ, "ಆತು ಬಿಡ್ರಿ, ಗುಜರಿ ಯಾವ್ದೈತಿ ಅದನ್ನ ತೆಗೀಮು" ಎಂದರು. ಆ ಮಾತಿನಲ್ಲಿ ಎಷ್ಟು ಸಂದಿ ಇತ್ತೆಂದು ಶನಿವಾರ ತಿಳಿಯಿತು.

ಎರಡನೇ ಶನಿವಾರ, ಶಾಲೆಗೆ ರಜೆ. ನಾನು ಸೀಮೆಸುಣ್ಣದಿಂದ ಅಂಗಳದಲ್ಲಿ ಮೂರು ಚೌಕ ಬರೆದೆ. ಗುಜರಿಗೆ ಹೋಗುವುದು ಒಂದರಲ್ಲಿ, ಇಟ್ಟುಕೊಳ್ಳುವುದು ಒಂದರಲ್ಲಿ, ಆಯಾ ಮನೆಯವರಿಗೆ ಕೊಡುವುದು ಒಂದರಲ್ಲಿ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಹನ್ನೊಂದರ ಹೊತ್ತಿಗೆ ಗುಜರಿಯ ಚೌಕದಲ್ಲಿ ಒಂದು ಎಣ್ಣೆ ಡಬ್ಬಿ ಇತ್ತು. ಅದನ್ನೂ ಭಾವ ಎರಡು ಸಲ ಎತ್ತಿಕೊಂಡು ಹೋಗಿದ್ದರು.

"ತಳ ಇಲ್ವಲ್ಲ ಭಾವ ಇದಕ್ಕೆ."

"ತಳ ಇಲ್ಲ ಅಷ್ಟಾ. ಬಾಯಿ ಚಲೋ ಐತ್ರಿ."

ನಾನು ಒಂದು ಡಬ್ಬ ಬಗ್ಗಿಸಿ ಚೀಟಿ ಓದಿದೆ. 'ಕೋಟೆ ಬೀದಿ, ಎರಡನೇ ಮನೆ. ಮಗಳ ಮದುವೆ ಅವಸರ. ಬಾಬಿನ್ ಕೇಸು ಸೀಳಿದೆ.'

"ಆ ಮಗಳಿಗೆ ಮಗಳು ಹುಟ್ಟಿ, ಅವಳ ಮದುವೆನೂ ಆಗಿರ್ತೈತೆ. ಎಸೀರಿ."

"ನಮ್ಮದಲ್ಲಲ್ರಿ. ಮಂದೀದು. ಮಂದಿ ಸಾಮಾನು ಒಗಿಯಾಕ ನಾವ್ಯಾರು?"

ಅಷ್ಟರಲ್ಲಿ ಬೀದಿಯಲ್ಲಿ "ಪಾತ ಇನುಪ ಸಾಮಾನ್ಲೂ" ಎಂದು ಹಳೇ ಕಬ್ಬಿಣಕ್ಕೆ ತೆಲುಗಿನಲ್ಲಿ ಕೂಗುತ್ತಾ ಗುಜರಿಯವನ ಗಾಡಿ ಬಂತು. ಅಕ್ಕನೇ ಓಡಿಹೋಗಿ ಕರೆತಂದರು. ಅವನು ಶೆಡ್ಡಿನೊಳಗೆ ಇಣುಕಿ ನೋಡಿ ಕಣ್ಣರಳಿಸಿದ. ಒಂದು ಪೆಡಲಿಗೆ ಕೈ ಹಾಕಿದ, ಭಾವ ಅದರ ಇನ್ನೊಂದು ತುದಿ ಹಿಡಿದುಕೊಂಡರು. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ನಿಂತಿದ್ದರು. ಆಮೇಲೆ ಅವನು ಕೈ ಬಿಟ್ಟು, "ಈಯನ ಇಯ್ಯಡಮ್ಮಾ" ಎಂದು, ಈತ ಕೊಡುವವನಲ್ಲ ಎಂಬ ತೀರ್ಪನ್ನು ಅಕ್ಕನಿಗೆ ಕೊಟ್ಟು, ನನ್ನ ಸೀಮೆಸುಣ್ಣ ಇಸಿದುಕೊಂಡು ಬಾಗಿಲ ಮೇಲೆ ತನ್ನ ಫೋನ್ ನಂಬರು ಬರೆದು ಹೋದ.

ಅಕ್ಕ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟರು. ಅವರು ಕೂಗಾಡುವ ಹೆಂಗಸಲ್ಲ, ಆವತ್ತೂ ಕೂಗಾಡಲಿಲ್ಲ. "ಮಂದಿ ಮುರುಕು ಸಾಮಾನಿಗೆ ಈ ಮನ್ಯಾಗ ಜಾಗ ಐತಿ. ನನಗಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಭಾವ ಸ್ಟೂಲಿನ ಮೇಲೆ ಕೂತರು. ನಾನು ತಮಾಷೆ ನಿಲ್ಲಿಸಿ ಕೇಳಿದೆ, "ಯಾಕೆ ಭಾವ, ಅಕ್ಕ ಪಾಪ ಎಷ್ಟು ದಿನದಿಂದ ಕಾಯ್ತಾವ್ರೆ. ಇದೇನು ಹಟ?"

ಆಗ ಹೇಳಿದರು. ಮದುವೆಯಾಗಿ ವರ್ಷ ತುಂಬಿರಲಿಲ್ಲವಂತೆ, ಕೆಲಸಕ್ಕೂ ಹೊಸಬರು. ಪೇಟೆ ಬೀದಿಯಲ್ಲಿ ಬ್ಲೌಸು ಹೊಲಿಯುವ ಒಬ್ಬಾಕೆಯ ಮಿಷಿನ್ನಿಗೆ ಹೊಸ ಶಟಲ್ಲು ಹಾಕಿ, ಮುರಿದದ್ದನ್ನು ಹೊರಗಿನ ಚರಂಡಿಗೆ ಎಸೆದು ಬಂದರು. ಸಂಜೆ ಆಕೆ ನಡುಬೀದಿಯಲ್ಲಿ ಇವರ ಅಂಗಿ ಹಿಡಿದು ನಿಲ್ಲಿಸಿದಳು. ಒಳ್ಳೇ ಕಂಪನಿ ಶಟಲ್ಲು ಕದ್ದು ಡೂಪ್ಲಿಕೇಟು ಹಾಕಿದ್ದೀಯ ಎಂದಳು. ಜನ ಸೇರಿದರು. ಭಾವ ಜೇಬು ತಿರುವಿ ತೋರಿಸಿದರು, ಚೀಲ ಬರಿದು ಮಾಡಿ ತೋರಿಸಿದರು. ಆಮೇಲೆ ಎಲ್ಲರ ಮುಂದೆ ಚರಂಡಿಗೆ ಕೈ ಹಾಕಿ ಮುರಿದ ಶಟಲ್ಲು ಹುಡುಕಿದರು. ಮೊಣಕೈವರೆಗೆ ಕೆಸರು. ಸಿಗಲಿಲ್ಲ.

"ಸಿಕ್ಕಿದ್ರ ಅವತ್ತಾ ಮುಗಿತಿತ್ರಿ" ಎಂದರು. "ಸಿಗಲಿಲ್ಲ. ಆಮ್ಯಾಲೆ ಯಾರ್ದೂ ಒಗಿಲಿಲ್ಲ ನಾನು. ಯಾವಾಗ ಯಾರು ಬಂದು ಕೇಳಿದ್ರೂ, ಇಕಾ ನೋಡ್ರಿ ಅಂತ ತೋರ್ಸಾಕ ಬೇಕಲ್ಲ."

ಹತ್ತು ವರ್ಷ ನಾನು ಆ ಶೆಡ್ಡನ್ನು ನೋಡಿ ನಕ್ಕಿದ್ದೆ.

"ಆಮೇಲೆ ಆ ಯಮ್ಮನ ಮಿಷಿನ್ನು ಯಾರು ನೋಡಿದ್ರು?"

"ನಾನಾ. ಆಕಿ ಕರೆದಾಗೆಲ್ಲ ಹೋಗೀನಿ. ಮಿಷಿನ್ ಏನ್ ತಪ್ಪು ಮಾಡಿತ್ರಿ? ಆದ್ರ ಆ ಮಾತು ಆಕೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ."

ಭಾನುವಾರ ಬೆಳಿಗ್ಗೆ ನಾನೊಂದು ಉಪಾಯ ಮಾಡಿದೆ. ಸಾಮಾನು ಮಂದಿಯದಾದರೆ ಮಂದಿಯನ್ನೇ ಕೇಳೋಣ ಎಂದೆ. ನನ್ನ ಸ್ಕೂಟಿಯ ಮುಂದೆ ಒಂದು ಚೀಲ, ಹಿಂದೆ ಭಾವ, ಅವರ ತೊಡೆಯ ಮೇಲೆ ಇನ್ನೊಂದು ಚೀಲ. ಮೊದಲ ಮನೆಯಲ್ಲಿ ಭಾವ ಸೀಳಿದ ಬಾಬಿನ್ ಕೇಸು ಮುಂದೆ ಹಿಡಿದಾಗ ಮನೆಯಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ನಮ್ಮತ್ತಿ ಕಾಲದ್ದಲ್ರಿ ಇದು. ಒಗೀರತ್ತ." ಎರಡನೇ ಮನೆಯಲ್ಲಿ ಮಿಷಿನ್ನೇ ಇರಲಿಲ್ಲ, ಮಾರಿ ಫ್ರಿಜ್ಜು ತಂದಿದ್ದರು. ಒಬ್ಬ ಟೈಲರು, "ಇದನ್ನ ಕೊಡಾಕ ಈ ವಯಸ್ಸಿನಾಗ ಬಂದ್ರಾ" ಎಂದು ಬಲವಂತದಿಂದ ಮಂಡಕ್ಕಿ ತಿನ್ನಿಸಿದ. ಎಲ್ಲರದೂ ಒಂದೇ ಮಾತು, ಬಿಸಾಕ್ರಿ. ಭಾವ ಎಲ್ಲರಿಗೂ "ಆತ್ರಿ" ಎಂದು ತಲೆಯಾಡಿಸುತ್ತಿದ್ದರು, ಸಾಮಾನನ್ನು ಮತ್ತೆ ಚೀಲಕ್ಕೇ ಹಾಕುತ್ತಿದ್ದರು.

ಹತ್ತನೇ ಮನೆಯ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. "ಎಸೀರಿ ಅಂದ್ರಲ್ಲ ಭಾವ, ಮತ್ಯಾಕೆ ಒಳಗಿಕ್ಕೊಂತೀರಿ?"

"ಮುಖ ನೋಡಿ ಅಂತಾರ್ರಿ. ನಾಳೆ ನೆನಪಾದ್ರ?"

ಎಷ್ಟು ಭಾರ ಹೊತ್ತುಕೊಂಡು ಹೋಗಿದ್ದೆವೋ ಅಷ್ಟೇ ಭಾರ ಹೊತ್ತು ಮಧ್ಯಾಹ್ನ ಮನೆಗೆ ಬಂದೆವು. ಅಕ್ಕ ಚೀಲಗಳನ್ನು ನೋಡಿದರು, ಭಾವನನ್ನು ನೋಡಲಿಲ್ಲ. ಊಟಕ್ಕೆ ಬಡಿಸಿ, ನನ್ನನ್ನು ಹಿತ್ತಲಿಗೆ ಕರೆದರು. "ಊರೆಲ್ಲ ತಿರುಗಿದ್ರ ಏನೂ ಆಗಂಗಿಲ್ಲವ್ವ. ಅವತ್ತು ಇವರ ಅಂಗಿ ಹಿಡಿದಾಕಿ ಈಗ ಬೊಮ್ಮನಹಾಳ್ ಕಡೆ ತಮ್ಮನ ಮನ್ಯಾಗ ಅದಾಳ. ಅಲ್ಲಿಗೆ ಕರ್ಕೊಂಡು ಹೋಗು. ನಲವತ್ತು ವರ್ಷ ಆತು, ನನಗೂ ಸಾಕಾಗೇತಿ."

ಭಾವ ಬೇಡವೆಂದರು. ಬಿಸಿಲೆಂದರು. ಸ್ಕೂಟಿಗೆ ಅಷ್ಟು ದೂರ ಆಗುವುದಿಲ್ಲ ಎಂದರು. ಅಕ್ಕ ಒಂದು ಬಟ್ಟೆಯಲ್ಲಿ ನಾಲ್ಕು ರೊಟ್ಟಿ ಸುತ್ತಿ ಭಾವನ ಕೈಗಿಟ್ಟು, "ಆಕಿಗೆ ಕೊಡ್ರಿ. ಬರಿಗೈಲಿ ಹೋಗಬ್ಯಾಡ್ರಿ" ಎಂದರು. ಭಾವ ಹೊರಟರು. ಅಭ್ಯಾಸ ಬಲವೋ ಏನೋ, ಸ್ಕ್ರೂಡ್ರೈವರಿನ ಸಣ್ಣ ಚೀಲವೂ ಹೆಗಲಿಗೇರಿತ್ತು. ಕಾಲುವೆ ನೀರಿನ ಭತ್ತದ ಗದ್ದೆ ಕಾಣತೊಡಗಿದ ಮೇಲೆ, "ಹಳೇದು ಕೆದಕಾಕ ಹೊಂಟೀವೇನ್ರಿ?" ಎಂದು ಹಿಂದಿನಿಂದ ಕೇಳಿದರು. ನಾನು ಸ್ಕೂಟಿಯ ವೇಗ ಹೆಚ್ಚಿಸಿದೆ.

ಆಕೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನೆರೆತ ಕೂದಲು, ಗುಂಡು ಮುಖ, ಹಲ್ಲಿಲ್ಲದ ನಗು. ಭಾವನನ್ನು ಕಂಡ ಕೂಡಲೇ ಮೊರ ಪಕ್ಕಕ್ಕೆ ಸರಿಸಿ ಎದ್ದರು. "ಅಯ್ಯ, ನಮ್ಮ ಮಿಷಿನ್ ಅಣ್ಣ. ಬಾರಪ್ಪ, ಎಷ್ಟ್ ವರ್ಷ ಆತು ನಿನ್ನ ನೋಡಿ. ಮನ್ಯಾಗ ಅಕ್ಕ ಅರಾಮದಾಳ?"

ಭಾವ ರೊಟ್ಟಿ ಕೊಟ್ಟರು. ನೀರು ಕುಡಿದರು. ಮತ್ತೆ ನೀರು ಕುಡಿದರು. ಕೊನೆಗೆ ನಾನೇ ಬಾಯಿ ಹಾಕಿದೆ. ಶಟಲ್ಲಿನ ಜಗಳ, ನಡುಬೀದಿ, ಚರಂಡಿ, ಎಲ್ಲ ಹೇಳಿದೆ. ಹೇಳುತ್ತಾ ನನ್ನ ದನಿ ಸ್ವಲ್ಪ ಗಡುಸಾಗಿತ್ತು ಎಂದು ಕಾಣುತ್ತದೆ.

ಆಕೆ ಶೇಂಗಾ ಸಿಪ್ಪೆ ಕೈಯಲ್ಲೇ ಹಿಡಿದು ಭಾವನ ಮುಖ ನೋಡಿದರು. "ನಾನಾ? ನಿನಗಾ?"

"ಹೌದವ್ವ."

"ಕಳ್ಳ ಅಂದಿದ್ನಾ?"

"ಅಂದಿದ್ದಿ."

"ನನಗ ನೆನಪಾ ಇಲ್ಲಲ್ಲೋ ಅಣ್ಣ." ಆಕೆ ನಿಜಕ್ಕೂ ಹುಡುಕಿದರು, ಹಣೆ ಗಂಟಿಕ್ಕಿ, ಛಾವಣಿ ನೋಡಿ. "ಆಗ ನಾ ಯಾರಿಗೆ ಏನೇನ್ ಅಂದೀನೋ. ನಮ್ಮನಿಯವರಿಗೆ ದಿನಾ ಅಂತಿದ್ದೆ. ಅಲ್ಲಪ್ಪ, ಆಮ್ಯಾಲೂ ನೀನಾ ಅಲ್ಲೇನು ನಮ್ಮ ಮಿಷಿನ್ ನೋಡಿದ್ದು? ಕಳ್ಳ ಅನ್ಕೊಂಡಿದ್ರ ಮನಿ ನಿನ್ನ ಮ್ಯಾಲ ಬಿಟ್ಟು ನೀರಿಗೆ ಹೋಗ್ತಿದ್ನಾ? ನೀ ಅದೇನೋ ಮುರುಕು ಚೂರು ಬಂದಾಗೆಲ್ಲ ಕೈಗೆ ಕೊಡ್ತಿದ್ದಿ. ಇದೇನೋ ನಿನ್ನ ಪದ್ಧತಿ ಅಂತ ಇಸ್ಕೊಂಡು, ನೀ ತಿರುವು ದಾಟಿದ ಮ್ಯಾಲ ತಿಪ್ಪಿಗೆ ಒಗೀತಿದ್ದೆ."

ಭಾವನ ಮುಖ ಸಪ್ಪಗಾಯಿತು. ನನಗೆ ಆಕೆಯ ಮೇಲೆ ಸಿಟ್ಟು ಬಂತು. ಒಬ್ಬ ಮನುಷ್ಯ ತನ್ನ ಇಡೀ ಶೆಡ್ಡನ್ನು ಆ ಒಂದು ಮಾತಿಗೆ ಬಿಟ್ಟುಕೊಟ್ಟಿದ್ದಾನೆ, ಆಡಿದವರಿಗೆ ಅದರ ನೆನಪೂ ಇಲ್ಲ.

"ಅಂದಿದ್ರ ತಪ್ಪಾತಪ್ಪ" ಎಂದು ಆಕೆ ಭಾವನ ಮೊಣಕೈ ಮುಟ್ಟಿದರು. ಕೆಸರಾಗಿದ್ದ ಮೊಣಕೈ ಅದೇ ಇರಬೇಕು. "ಈಗ ಬಂದೀಯಲ್ಲ, ಮಿಷಿನ್ ಒಳಗೈತಿ, ಹೊಲಿಗೆ ಬಿಡ್ತೈತಿ. ನೋಡು. ನಾ ಹೋಗಿ ಎದುರು ಮನಿಯಿಂದ ಹಾಲು ತರ್ತೀನಿ, ಚಾ ಮಾಡಾಕ."

ಬಾಗಿಲು, ಬೀರು, ದೇವರ ಗೂಡು ಎಲ್ಲ ತೆರೆದಿದ್ದ ಹಾಗೇ ಬಿಟ್ಟು ಆಕೆ ಹೊರಟೇಹೋದರು.

ಭಾವ ತೆರೆದ ಬೀರುವನ್ನೊಮ್ಮೆ, ತೆರೆದ ಬಾಗಿಲನ್ನೊಮ್ಮೆ ನೋಡಿದರು. ಆಮೇಲೆ ಅವರ ಹೊಟ್ಟೆಯಿಂದ ನಗು ಹೊರಟಿತು. ಒಣಕಲು ಮೈ ಅಲುಗಾಡುವಷ್ಟು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಲ್ಲಾ ತಿಪ್ಪಿಗೆ ಒಗೀತಿದ್ಲಂತ್ರಿ" ಎಂದು ನನಗೆ ಹೇಳಿ ಮತ್ತೆ ನಕ್ಕರು. ನನ್ನ ಸಿಟ್ಟೆಲ್ಲ ಆ ನಗೆಯಲ್ಲಿ ಇಳಿದುಹೋಯಿತು, ನಾನೂ ನಕ್ಕೆ.

ಮಿಷಿನ್ ಮುಂದೆ ಕೂತರು. ಎಣ್ಣೆಯ ಪ್ರಶ್ನೆ ಕೇಳಲು ಅಲ್ಲಿ ಯಾರೂ ಇರಲಿಲ್ಲ, ನನ್ನನ್ನೇ ಕೇಳಿದರು. ಸ್ಕ್ರೂ ಬಿಚ್ಚಲು ಅವರ ಕೈ ನಡುಗಿತು, ನಾನು ಮೊಬೈಲಿನ ಬೆಳಕು ಹಿಡಿದೆ. ದಾರ ಬಿಗಿಹಿಡಿಯುವ ಸ್ಪ್ರಿಂಗು ಸತ್ತಿತ್ತು. ಚೀಲದಲ್ಲಿ ಹೊಸದೊಂದು ಇತ್ತು, ಹಾಕಿದರು. ಸೂಜಿಗೆ ದಾರ ನಾನು ಪೋಣಿಸಿದೆ. ಟವೆಲಿನ ಅಂಚು ಇಟ್ಟು ಒಂದು ಗೆರೆ ಹೊಲಿದು, ಬೆರಳಿನಿಂದ ಸವರಿ ನೋಡಿದರು.

ಹಳೇ ಸ್ಪ್ರಿಂಗು ಅವರ ಅಂಗೈಯಲ್ಲೇ ಇತ್ತು. ಅಭ್ಯಾಸದಂತೆ ಇನ್ನೊಂದು ಕೈ ಚೀಟಿಗಾಗಿ ಅಂಗಿಯ ಜೇಬಿಗೆ ಹೋಯಿತು. ಕೈ ಖಾಲಿಯಾಗಿ ಹೊರಗೆ ಬಂತು. ಭಾವ ಎದ್ದು ಪಡಸಾಲೆ ದಾಟಿ, ಅಂಗಳ ದಾಟಿ, ಹಿತ್ತಲ ತಿಪ್ಪೆಯ ಹತ್ತಿರ ಹೋದರು. ಎಮ್ಮೆ ತಲೆಯೆತ್ತಿ ನೋಡಿತು. ಅವರು ಸ್ಪ್ರಿಂಗನ್ನು ತಿಪ್ಪೆಗೆ ಎಸೆದು, ಎಲ್ಲಿ ಬಿತ್ತೆಂದು ನೋಡದೆ ತಿರುಗಿ ಬಂದರು.

ಚಹಾ ಕುಡಿದು ಹೊರಟೆವು. ಊರು ದಾಟಿ ಒಂದು ಮೈಲಿ ಬಂದಿರಬೇಕು, ಹಿಂದಿನಿಂದ ಭಾವ ನನ್ನ ಭುಜ ತಟ್ಟಿದರು.

"ಗಾಡಿ ಪಕ್ಕಕ್ಕ ಹಾಕ್ರಿ ಟೀಚರಮ್ಮ. ಆ ಗುಜರಿಯವಂಗ ಫೋನ್ ಮಾಡ್ಬೇಕು, ಬಾಗಿಲ ಮ್ಯಾಲಿನ ನಂಬರ್ ಮನ್ಯಾಗ ಕೇಳಿ ತಗೊಳ್ರಿ. ತಳ್ಳೋ ಗಾಡಿ ಸಾಲಂಗಿಲ್ಲ, ಟೆಂಪೋ ತರಾಕ ಹೇಳ್ರಿ. ಮುಂಜಾನಿ ನಿಮ್ಮಕ್ಕ ಶೆಡ್ಡಿನಾಗ ಒಲಿ ಹಚ್ಚಬೇಕು."